ಅಗ್ಗದ ಕೃಪೆ ಬೇಡವೆಂದ ಪಾದ್ರಿ

1933ರ ಫೆಬ್ರುವರಿ 1. ಬರ್ಲಿನ್ನಿನ ರೇಡಿಯೋ ಕೇಂದ್ರದಿಂದ ತರುಣನೊಬ್ಬನ ಭಾಷಣ ಪ್ರಸಾರವಾಗುತ್ತಿತ್ತು. ಆತನಿಗೆ 27 ತುಂಬಲು ಇನ್ನೂ ಮೂರು ದಿನ ಬಾಕಿ. ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರದ ಉಪನ್ಯಾಸಕ, ದೀಕ್ಷೆ ಪಡೆದ ಪಾದ್ರಿ. ಭಾಷಣದ ವಿಷಯ ಯುವಜನರು ಮತ್ತು ನಾಯಕತ್ವ. ಅಡಾಲ್ಫ್ ಹಿಟ್ಲರ್ ಜರ್ಮನಿಯ ಚಾನ್ಸಲರ್ ಆಗಿ ಆಗಷ್ಟೇ ಎರಡು ದಿನ ಕಳೆದಿದ್ದವು. ಅನುಯಾಯಿಗಳು ತನ್ನನ್ನು ವಿಗ್ರಹ ಮಾಡಿಕೊಳ್ಳಲು ಬಿಡುವ ನಾಯಕ ಕೊನೆಗೆ ಅವರ ದಾರಿ ತಪ್ಪಿಸುತ್ತಾನೆ ಎಂಬುದು ಆ ಭಾಷಣದ ತಿರುಳು. ಮಾತು ಮುಗಿಯುವ ಮೊದಲೇ ಪ್ರಸಾರ ನಿಂತುಹೋಯಿತು.

ಆ ತರುಣನ ಹೆಸರು ಡೀಟ್ರಿಖ್ ಬಾನ್‌ಹೋಫರ್. ಮುಂದಿನ ಹನ್ನೆರಡು ವರ್ಷ ಆತನನ್ನು ಒಂದೇ ಪ್ರಶ್ನೆ ಕಾಡಿತು. ದೇವರನ್ನು ನಂಬುತ್ತೇನೆ ಎನ್ನುವವನು ದೇವರ ಆಜ್ಞೆಯನ್ನು ಪಾಲಿಸಲೇಬೇಕೆ? ಪಾಲಿಸದೆ ನಂಬಿದರೆ ಅದು ನಂಬಿಕೆಯೇ? ಪ್ರಶ್ನೆ ಹೊಸದೇನಲ್ಲ. ಕ್ರೈಸ್ತ ಧರ್ಮದಷ್ಟೇ ಹಳೆಯದು. ಆದರೆ ಬಾನ್‌ಹೋಫರನ ಕಾಲದಲ್ಲಿ ಅದಕ್ಕೆ ಕೊಡುವ ಉತ್ತರದ ಮೇಲೆ ಜನರ ಪ್ರಾಣ ನಿಂತಿತ್ತು.

ಒಬ್ಬನೇ ಅಬ್ರಹಾಮ, ಎರಡು ಪಾಠ

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಮೋಶೆಯ ಮೂಲಕ ದೊರೆತ ಹತ್ತು ಆಜ್ಞೆಗಳಿವೆ. ಕೊಲೆ ಮಾಡಬಾರದು, ಕದಿಯಬಾರದು, ಸುಳ್ಳು ಸಾಕ್ಷಿ ಹೇಳಬಾರದು, ತಂದೆತಾಯಿಯನ್ನು ಗೌರವಿಸಬೇಕು ಎನ್ನುವಂಥವು. ಈ ಆಜ್ಞೆಗಳು ಮತ್ತು ಅವುಗಳ ಸುತ್ತ ಬೆಳೆದ ವಿಧಿಗಳನ್ನು ಕನ್ನಡ ಬೈಬಲ್ ‘ಧರ್ಮಶಾಸ್ತ್ರ’ ಎಂದು ಕರೆಯುತ್ತದೆ.

ಯೇಸುವಿನ ನಂತರದ ಮೊದಲ ತಲೆಮಾರಿನಲ್ಲೇ ಈ ಧರ್ಮಶಾಸ್ತ್ರದ ಬಗ್ಗೆ ಚರ್ಚೆ ಎದ್ದಿತು. ಧರ್ಮಶಾಸ್ತ್ರದ ವಿಧಿಗಳನ್ನು ಪಾಲಿಸಿದ ಮಾತ್ರಕ್ಕೆ ಯಾರೂ ದೇವರ ಮುಂದೆ ನೀತಿವಂತರೆನಿಸಲಾರರು, ನಂಬಿಕೆಯೇ ದಾರಿ ಎಂದು ಪೌಲ ರೋಮಾಪುರದವರಿಗೆ ಪತ್ರ ಬರೆದ. ಕ್ರಿಯೆಯಲ್ಲಿ ಕಾಣದ ನಂಬಿಕೆಗೆ ಜೀವವೇ ಇಲ್ಲ ಎಂದು ಯಾಕೋಬನ ಹೆಸರಿನಲ್ಲಿರುವ ಪತ್ರ ಹೇಳಿತು. ಹಸಿದು ಬಂದವನಿಗೆ ಊಟ ಕೊಡದೆ ಒಳ್ಳೆಯ ಮಾತನ್ನಷ್ಟೇ ಹೇಳಿ ಕಳಿಸಿದರೆ ಏನು ಫಲ ಎಂಬುದು ಆ ಪತ್ರದ ಪ್ರಶ್ನೆ.

ವಿಶೇಷವೆಂದರೆ ಇಬ್ಬರೂ ಎತ್ತಿಕೊಂಡ ಉದಾಹರಣೆ ಒಂದೇ, ಮೂಲಪಿತೃ ಅಬ್ರಹಾಮನದು. ಸುನ್ನತಿಯ ವಿಧಿ ನಡೆಯುವ ಮೊದಲೇ, ಬರೀ ನಂಬಿದ್ದರಿಂದಲೇ ಅಬ್ರಹಾಮ ನೀತಿವಂತನೆನಿಸಿದ ಎಂದು ಪೌಲ ತೋರಿಸುತ್ತಾನೆ. ಮಗ ಇಸಾಕನನ್ನು ಬಲಿಪೀಠದವರೆಗೆ ಕರೆದೊಯ್ದ ವಿಧೇಯತೆಯಲ್ಲೇ ಆ ನಂಬಿಕೆ ಪೂರ್ಣವಾಯಿತು ಎಂದು ಯಾಕೋಬನ ಪತ್ರ ತೋರಿಸುತ್ತದೆ.

ಹದಿನಾರನೆಯ ಶತಮಾನದಲ್ಲಿ ಈ ಚರ್ಚೆ ಯೂರೋಪಿನ ಚರ್ಚನ್ನೇ ಒಡೆಯಿತು. ಜರ್ಮನಿಯ ಸನ್ಯಾಸಿ ಮಾರ್ಟಿನ್ ಲೂಥರ್ 1517ರಲ್ಲಿ ಪಾಪವಿಮೋಚನ ಪತ್ರಗಳ ಮಾರಾಟವನ್ನು ಪ್ರಶ್ನಿಸಿದ. ದೇವರ ಕ್ಷಮೆಯನ್ನು ಹಣದಿಂದಾಗಲಿ ಪುಣ್ಯಕಾರ್ಯಗಳ ಲೆಕ್ಕದಿಂದಾಗಲಿ ಕೊಳ್ಳಲಾಗದು, ಅದು ಕೃಪೆಯಿಂದ ಸಿಗುವಂಥದು, ಮನುಷ್ಯ ನಂಬಿಕೆಯಿಂದ ಸ್ವೀಕರಿಸುವಂಥದು ಎಂಬುದು ಆತನ ನಿಲುವು. ಯಾಕೋಬನ ಪತ್ರದ ಬಗ್ಗೆ ಲೂಥರನಿಗೆ ಎಷ್ಟು ಅಸಮಾಧಾನವಿತ್ತೆಂದರೆ, 1522ರಲ್ಲಿ ಹೊಸ ಒಡಂಬಡಿಕೆಯ ಜರ್ಮನ್ ಅನುವಾದ ಪ್ರಕಟಿಸಿದಾಗ ಅದನ್ನು ಪುಸ್ತಕದ ಕೊನೆಯ ಭಾಗಕ್ಕೆ ಸರಿಸಿದ.

ಹಾಗೆಂದು ಆಜ್ಞೆಗಳು ಬೇಡವೆಂದು ಲೂಥರ್ ಹೇಳಲಿಲ್ಲ. ಕ್ರೈಸ್ತರಿಗೆ ಧರ್ಮಶಾಸ್ತ್ರವನ್ನು ಬೋಧಿಸುವ ಅಗತ್ಯವೇ ಇಲ್ಲ ಎಂದು ಆತನ ಶಿಷ್ಯ ಯೋಹಾನ್ ಅಗ್ರಿಕೋಲ ವಾದಿಸಿದಾಗ ಲೂಥರನೇ ಅದನ್ನು ಕಟುವಾಗಿ ಖಂಡಿಸಿದ. 1529ರಲ್ಲಿ ಆತ ಬರೆದ ಪುಟ್ಟ ಪ್ರಶ್ನೋತ್ತರ ಪುಸ್ತಕ ಶುರುವಾಗುವುದೇ ಹತ್ತು ಆಜ್ಞೆಗಳಿಂದ. ಮನೆಯ ಯಜಮಾನ ಮಕ್ಕಳಿಗೂ ಮನೆಮಂದಿಗೂ ಸರಳವಾಗಿ ಕಲಿಸಲೆಂದು ಬರೆದ ಪುಸ್ತಕ ಅದು.

ಲೂಥರನ ನಿಲುವನ್ನು ಮನೆಯ ಮಾತಿನಲ್ಲಿ ಹೀಗೆ ಹೇಳಬಹುದು. ಮಗಳು ಅಮ್ಮನಿಗೆ ಕೆಲಸದಲ್ಲಿ ಕೈಜೋಡಿಸುವುದು ಆ ಮನೆಯ ಮಗಳೆನಿಸಿಕೊಳ್ಳಲು ಅಲ್ಲ. ಅವಳು ಈಗಾಗಲೇ ಮಗಳು. ಕೆಲಸ ಮಾಡದ ದಿನವೂ ತಟ್ಟೆಯಲ್ಲಿ ಅನ್ನ ಇದ್ದೇ ಇರುತ್ತದೆ. ಆದರೆ ‘ಹೇಗೂ ಅನ್ನ ಸಿಗುತ್ತದಲ್ಲ’ ಎಂದು ಅಮ್ಮನ ಮಾತನ್ನು ಎಂದೂ ಕಿವಿಗೆ ಹಾಕಿಕೊಳ್ಳದವಳಿಗೆ ಅಮ್ಮನ ಮೇಲೆ ಇರುವುದು ಪ್ರೀತಿಯೋ, ಲೆಕ್ಕಾಚಾರವೋ? ಬಾನ್‌ಹೋಫರ್ ತನ್ನ ಕಾಲದ ಚರ್ಚಿಗೆ ಕೇಳಿದ್ದು ಇಂಥದೇ ಪ್ರಶ್ನೆಯನ್ನು.

ಎಂಟು ಮಕ್ಕಳ ಮನೆ

ಬಾನ್‌ಹೋಫರ್ ಹುಟ್ಟಿದ್ದು 1906ರ ಫೆಬ್ರುವರಿ 4ರಂದು, ಬ್ರೆಸ್ಲೌ ನಗರದಲ್ಲಿ. ಇಂದು ಅದು ಪೋಲೆಂಡಿನ ವ್ರೋತ್ಸ್‌ವಾಫ್. ತಂದೆ ಕಾರ್ಲ್ ಹೆಸರಾಂತ ಮನೋವೈದ್ಯ, ಮುಂದೆ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ. ತಾಯಿ ಪೌಲ ಶಿಕ್ಷಕಿಯ ತರಬೇತಿ ಪಡೆದವಳು. ಎಂಟು ಮಕ್ಕಳಿಗೂ ಮೊದಲ ಪಾಠಗಳನ್ನು ಮನೆಯಲ್ಲೇ ಹೇಳಿಕೊಟ್ಟಳು. ಡೀಟ್ರಿಖ್ ಆರನೆಯವನು. ಅವನ ಜೊತೆ ಅವಳಿಯಾಗಿ ಹುಟ್ಟಿದವಳು ತಂಗಿ ಸಬೀನೆ.

ಮನೆಯವರು ವಾರವಾರ ಚರ್ಚಿಗೆ ಹೋಗುವವರಲ್ಲ. ಬೈಬಲ್ ಕತೆಗಳು, ಪ್ರಾರ್ಥನೆಗಳು ತಾಯಿಯ ಬಾಯಿಂದ ಬಂದವು. ಹೇಳಿದ ಮಾತಿಗೆ ತಪ್ಪಬಾರದು, ಅರ್ಥವಿಲ್ಲದೆ ಮಾತಾಡಬಾರದು ಎಂಬ ಶಿಸ್ತು ತಂದೆಯದು. 1918ರಲ್ಲಿ ಎರಡನೆಯ ಮಗ ವಾಲ್ಟರ್ ಮೊದಲನೆಯ ಮಹಾಯುದ್ಧದಲ್ಲಿ ಮಡಿದ. ಆ ದುಃಖ ಮನೆಯನ್ನು ವರ್ಷಗಟ್ಟಲೆ ಬಿಡಲಿಲ್ಲ.

ಹದಿಹರೆಯದ ಡೀಟ್ರಿಖ್ ದೇವಶಾಸ್ತ್ರ ಓದುತ್ತೇನೆಂದಾಗ ಅಣ್ಣಂದಿರು ನಕ್ಕರು. ಚರ್ಚು ಸತ್ವವಿಲ್ಲದ ಸಂಸ್ಥೆ ಎಂದರು. ಹಾಗಿದ್ದರೆ ನಾನೇ ಅದನ್ನು ಸುಧಾರಿಸುತ್ತೇನೆ ಎಂಬ ಅರ್ಥದ ಉತ್ತರ ಕೊಟ್ಟ ಹುಡುಗ, 21ನೆಯ ವಯಸ್ಸಿಗೆ ಡಾಕ್ಟರೇಟ್ ಮುಗಿಸಿದ.

ಆದರೂ ಅಲ್ಲಿಯವರೆಗೆ ಆತನಿಗೆ ದೇವಶಾಸ್ತ್ರ ಬುದ್ಧಿಯ ವಿಷಯವಾಗಿತ್ತು. 1930ರಲ್ಲಿ ಒಂದು ವರ್ಷದ ಓದಿಗೆಂದು ನ್ಯೂಯಾರ್ಕಿಗೆ ಹೋದಾಗ ಎರಡು ಸ್ನೇಹಗಳು ಆತನನ್ನು ಬದಲಿಸಿದವು. ಕಪ್ಪು ಅಮೆರಿಕನ್ ವಿದ್ಯಾರ್ಥಿ ಫ್ರಾಂಕ್ ಫಿಶರ್ ಆತನನ್ನು ಹಾರ್ಲೆಮ್‌ನ ಚರ್ಚಿಗೆ ಕರೆದೊಯ್ದ. ಬಣ್ಣದ ಹೆಸರಿನಲ್ಲಿ ನಡೆಯುವ ಅನ್ಯಾಯವನ್ನು ಬಾನ್‌ಹೋಫರ್ ಅಲ್ಲಿ ಕಣ್ಣಾರೆ ಕಂಡ. ಇನ್ನೊಬ್ಬ ಫ್ರಾನ್ಸಿನ ಜಾನ್ ಲಾಸೇರ್, ಯುದ್ಧವನ್ನೇ ವಿರೋಧಿಸುವ ಶಾಂತಿವಾದಿ. ಯೇಸುವಿನ ‘ಬೆಟ್ಟದ ಮೇಲಿನ ಪ್ರಸಂಗ’ ಓದಿ ತಲೆದೂಗುವುದಕ್ಕಲ್ಲ, ಹಾಗೆ ಬದುಕುವುದಕ್ಕೆ ಇದೆ ಎಂದು ಲಾಸೇರ್ ನಂಬಿದ್ದ. ಶತ್ರುವನ್ನೂ ಪ್ರೀತಿಸು ಎಂಬ ಆಜ್ಞೆಯನ್ನು ಅಕ್ಷರಶಃ ತೆಗೆದುಕೊಂಡ ಫ್ರೆಂಚನೊಬ್ಬ, ಯುದ್ಧದಲ್ಲಿ ಫ್ರಾನ್ಸಿನ ಎದುರು ಅಣ್ಣನನ್ನು ಕಳೆದುಕೊಂಡ ಜರ್ಮನ್ನನಿಗೆ ಗೆಳೆಯನಾದ.

ಇದೇ ಹುಡುಕಾಟ ಬಾನ್‌ಹೋಫರನ ಕಣ್ಣನ್ನು ಭಾರತದ ಕಡೆಗೂ ತಿರುಗಿಸಿತು. ಅಹಿಂಸೆಯ ಪ್ರತಿಭಟನೆಯನ್ನೂ ಆಶ್ರಮ ಜೀವನವನ್ನೂ ಗಾಂಧೀಜಿಯವರಿಂದ ಕಲಿಯಬೇಕೆಂದು 1934ರಲ್ಲಿ ಅವರಿಗೆ ಪತ್ರ ಬರೆದ. ಗಾಂಧೀಜಿ ಅದೇ ನವೆಂಬರಿನಲ್ಲಿ ಉತ್ತರಿಸಿ ಬರಹೇಳಿದರು. ಆದರೆ ಅಷ್ಟರಲ್ಲಿ ಜರ್ಮನಿಯಿಂದ ಬೇರೊಂದು ಕರೆ ಬಂತು. ಪ್ರಯಾಣ ಕೈಗೂಡಲಿಲ್ಲ.

ಉತ್ತರ ನಕಲು ಮಾಡಿದ ವಿದ್ಯಾರ್ಥಿ

ಜರ್ಮನಿಯಲ್ಲಿ ಆಗಿದ್ದೇನು? 1933ರ ಸೆಪ್ಟೆಂಬರಿನಲ್ಲಿ ಪ್ರಷ್ಯ ಪ್ರಾಂತ್ಯದ ಪ್ರಾಟೆಸ್ಟಂಟ್ ಚರ್ಚು ಯೆಹೂದಿ ಮೂಲದವರನ್ನು ಚರ್ಚಿನ ಹುದ್ದೆಗಳಿಂದ ದೂರವಿಡುವ ನಿಯಮ ಮಾಡಿತು. ಅನೇಕರು ಅದನ್ನು ಒಪ್ಪಿದರು. ಆಳುವವರಿಗೆ ಅಧೀನರಾಗಿರಿ ಎಂಬ ಪೌಲನ ಮಾತು ಅವರಿಗೆ ಆಧಾರವಾಯಿತು. ನಂಬಿಕೆ ಎದೆಯೊಳಗಿನ ಸಂಗತಿ, ಹೊರಗಿನ ಬದುಕು ಸರ್ಕಾರಕ್ಕೆ ಬಿಟ್ಟದ್ದು ಎಂದು ಭಾಗ ಮಾಡಿಕೊಂಡರು. ಇದನ್ನು ಒಪ್ಪದ ಪಾದ್ರಿಗಳು 1934ರ ಮೇ ತಿಂಗಳಲ್ಲಿ ಬಾರ್ಮೆನ್ ಎಂಬಲ್ಲಿ ಸೇರಿ ಬೇರೆಯೇ ಘೋಷಣೆ ಹೊರಡಿಸಿದರು. ಈ ಬಣದ ಚರ್ಚಿಗೆ ಹೊಸ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯನ್ನು ನಡೆಸಲು 1935ರಲ್ಲಿ ಬಾನ್‌ಹೋಫರನಿಗೆ ಕರೆ ಬಂದಿತ್ತು. ಶಾಲೆ ಕೆಲವೇ ವಾರಗಳಲ್ಲಿ ಫಿಂಕನ್‌ವಾಲ್ಡೆ ಎಂಬ ಊರಿನಲ್ಲಿ ನೆಲೆಯೂರಿತು. ಒಟ್ಟಿಗೆ ಪ್ರಾರ್ಥನೆ, ಒಟ್ಟಿಗೆ ಊಟ, ಪಾಠ, ಸಂಗೀತ. 1937ರ ಶರತ್ಕಾಲದಲ್ಲಿ ಗೆಸ್ಟಾಪೋ ಪೊಲೀಸರು ಶಾಲೆಗೆ ಬೀಗ ಜಡಿದರು. ಶಿಷ್ಯರಲ್ಲಿ ಹಲವರು ಜೈಲು ಸೇರಿದರು.

ಅದೇ ವರ್ಷ ಬಾನ್‌ಹೋಫರನ ಹೆಸರಾಂತ ಪುಸ್ತಕ ‘ನಾಖ್‌ಫೋಲ್ಗೆ’ ಹೊರಬಂತು. ಹೆಸರಿನ ಅರ್ಥ ಹಿಂಬಾಲಿಸುವುದು. ಅದರಲ್ಲಿ ಆತ ‘ಅಗ್ಗದ ಕೃಪೆ’ ಮತ್ತು ‘ದುಬಾರಿ ಕೃಪೆ’ ಎಂದು ಎರಡು ಬಗೆ ಮಾಡುತ್ತಾನೆ. ಪಶ್ಚಾತ್ತಾಪವಿಲ್ಲದೆ ಕ್ಷಮೆ, ಶಿಸ್ತಿಲ್ಲದೆ ದೀಕ್ಷೆ, ಬದುಕು ಬದಲಾಗದೆ ಸಮಾಧಾನ ಕೊಡುವುದೇ ಅಗ್ಗದ ಕೃಪೆ. ಕೃಪೆಗೆ ಮನುಷ್ಯ ಬೆಲೆ ಕೊಡಬೇಕಿಲ್ಲ ಎನ್ನುವುದು ನಿಜ. ಆದರೆ ಬೆಲೆ ಕೊಡದೆ ಸಿಕ್ಕಿದ್ದಕ್ಕೆ ಬೆಲೆಯೇ ಇಲ್ಲವೆಂದು ತಿಳಿದರೆ ಅದು ಅಗ್ಗವಾಗುತ್ತದೆ.

ಲೂಥರನ ಶಿಷ್ಯಪರಂಪರೆಯಲ್ಲಿ ಹೀಗಾದದ್ದು ಹೇಗೆ? ಬಾನ್‌ಹೋಫರ್ ಕೊಡುವ ವಿವರಣೆ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುವಂಥದು. ಲೂಥರ್ ಮಠದಲ್ಲಿ ವರ್ಷಗಟ್ಟಲೆ ಉಪವಾಸ, ಜಾಗರಣೆ, ಪ್ರಾಯಶ್ಚಿತ್ತಗಳಲ್ಲಿ ಬೆಂದು ಕೊನೆಗೆ ಕೃಪೆಯ ಅರಿವಿಗೆ ಬಂದ. ಅದು ಇಡೀ ಲೆಕ್ಕ ಮಾಡಿದ ಮೇಲೆ ಸಿಕ್ಕ ಉತ್ತರ. ಹಿಂದೆ ಬಂದವರು ಲೆಕ್ಕ ಮಾಡದೆ ಉತ್ತರವನ್ನಷ್ಟೇ ಬರೆದುಕೊಂಡರು. ಗಯಟೆಯ ನಾಟಕದ ಫೌಸ್ಟ್ ಜೀವಮಾನವಿಡೀ ಓದಿ, ಮನುಷ್ಯನಿಗೆ ಏನೂ ತಿಳಿಯಲಾರದು ಎಂದು ಕಂಡುಕೊಳ್ಳುತ್ತಾನೆ. ಅದೇ ಮಾತನ್ನು ಮೊದಲ ವರ್ಷದ ವಿದ್ಯಾರ್ಥಿ ತನ್ನ ಸೋಮಾರಿತನಕ್ಕೆ ಸಮರ್ಥನೆಯಾಗಿ ಹೇಳಿದರೆ? ಮಾತು ಒಂದೇ, ಸತ್ಯ ಮಾತ್ರ ಒಂದಲ್ಲ.

ಹಾಗಾದರೆ ನಂಬಿಕೆ ಮೊದಲೋ, ವಿಧೇಯತೆ ಮೊದಲೋ? ಹೀಗೆ ಹಿಂದುಮುಂದು ಮಾಡುವುದನ್ನೇ ಬಾನ್‌ಹೋಫರ್ ಒಪ್ಪುವುದಿಲ್ಲ. ನಂಬುವವನೇ ವಿಧೇಯನಾಗಬಲ್ಲ. ವಿಧೇಯನಾದವನೇ ನಂಬಬಲ್ಲ. ಎರಡನ್ನೂ ಒಟ್ಟಿಗೇ ಹೇಳಬೇಕು, ಒಂದನ್ನು ಬಿಟ್ಟರೆ ಇನ್ನೊಂದು ಸುಳ್ಳಾಗುತ್ತದೆ ಎಂಬುದು ಆತನ ವಾದ. ಇದಕ್ಕೆ ಆತ ಶಿಷ್ಯ ಪೇತ್ರನ ಕತೆಯನ್ನು ಮುಂದಿಡುತ್ತಾನೆ. ಯೇಸು ಕರೆದಾಗ ಪೇತ್ರ ದೋಣಿಯಿಂದ ನೀರಿಗೆ ಕಾಲಿಡಬೇಕಾಯಿತು. ದೋಣಿಯಲ್ಲೇ ಕುಳಿತಿದ್ದರೆ ತನಗೆ ನಂಬಿಕೆ ಇದೆಯೋ ಇಲ್ಲವೋ ಎಂಬುದು ಅವನಿಗೂ ತಿಳಿಯುತ್ತಿರಲಿಲ್ಲ. ದೋಣಿಯಿಂದ ಇಳಿದದ್ದು ದೊಡ್ಡ ಪುಣ್ಯಕಾರ್ಯವೇನಲ್ಲ. ಆದರೆ ಆ ಹೆಜ್ಜೆ ಇಡದೆ ನಂಬಿಕೆಗೆ ಎಡೆಯೇ ಇರಲಿಲ್ಲ. ನನಗೆ ನಂಬಿಕೆ ಬರುತ್ತಿಲ್ಲ ಎಂದು ಹೇಳಿಕೊಂಡು ಬಂದವನನ್ನು ಪಾದ್ರಿಯಾದವನು, ನೀನು ಯಾವ ಆಜ್ಞೆಯನ್ನು ತಪ್ಪಿಸಿಕೊಳ್ಳುತ್ತಿದ್ದೀ ಎಂದು ಕೇಳಬೇಕು ಎಂಬುದು ಆತನ ಸಲಹೆ.

ಈ ಮಾತಿನ ಪರೀಕ್ಷೆ ಬಹುಬೇಗ ಬಂತು. 1938ರಲ್ಲಿ ಜರ್ಮನಿಯ ಪಾದ್ರಿಗಳು ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಆದೇಶ ಹೊರಟಿತು. ಬಾರ್ಮೆನ್ ಘೋಷಣೆಯ ಬಣದಲ್ಲಿದ್ದವರಲ್ಲೂ ಹೆಚ್ಚಿನವರು ಪ್ರಮಾಣ ಮಾಡಿದರು. ಬಾನ್‌ಹೋಫರನಿಗೆ ಅದು ನುಂಗಲಾರದ ತುತ್ತಾಯಿತು.

ಮೇಷ್ಟರ ಪ್ರಶ್ನೆ, ಮಗುವಿನ ಸುಳ್ಳು

1939ರ ಜೂನ್‌ನಲ್ಲಿ ಗೆಳೆಯರು ಆತನನ್ನು ಅಮೆರಿಕಕ್ಕೆ ಕರೆಸಿಕೊಂಡರು. ಅಲ್ಲೇ ಉಳಿದಿದ್ದರೆ ಪ್ರಾಣ ಉಳಿಯುತ್ತಿತ್ತು. ಒಂದು ತಿಂಗಳೂ ಕಳೆಯುವ ಮೊದಲೇ ಹಿಂದಿರುಗುವ ಹಡಗು ಹತ್ತಿದ. ತನ್ನ ಜನರ ಕಷ್ಟದಲ್ಲಿ ಪಾಲುಗೊಳ್ಳದವನಿಗೆ ಯುದ್ಧದ ನಂತರ ಅವರ ಬದುಕನ್ನು ಮತ್ತೆ ಕಟ್ಟುವ ಹಕ್ಕಿರುವುದಿಲ್ಲ ಎಂದು ಅಲ್ಲಿನ ಹಿರಿಯ ದೇವಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬುರನಿಗೆ ತಿಳಿಸಿದ.

ಮರಳಿದ ಮೇಲೆ ಅಕ್ಕನ ಗಂಡ ಹಾನ್ಸ್ ಫಾನ್ ಡೊನಾನಿಯ ಮೂಲಕ ಸೇನೆಯ ಗುಪ್ತಚರ ವಿಭಾಗ ಸೇರಿದ. ಹೊರಗೆ ಸರ್ಕಾರಿ ಕೆಲಸ, ಒಳಗೆ ಹಿಟ್ಲರನನ್ನು ಉರುಳಿಸುವ ಸಂಚು. ಈ ಗುಂಪು 1942ರಲ್ಲಿ ಯೆಹೂದಿ ಮೂಲದ 14 ಮಂದಿಯನ್ನು ಗುಪ್ತಚರರೆಂಬ ನೆಪದಲ್ಲಿ ಸ್ವಿಟ್ಸರ್ಲೆಂಡಿಗೆ ದಾಟಿಸಿತು.

ಇಲ್ಲಿಂದ ಮುಂದೆ ದಾರಿ ಕಡಿದು. ಸುಳ್ಳು ಹೇಳಬಾರದು, ಕೊಲ್ಲಬಾರದು ಎಂಬವು ದೇವರ ಆಜ್ಞೆಗಳು. ಶತ್ರುವನ್ನು ಪ್ರೀತಿಸು ಎಂಬುದನ್ನು ಬದುಕಿ ತೋರಿಸಬೇಕೆಂದವನು ಈಗ ದಿನವೂ ವೇಷ ಹಾಕಬೇಕು, ಒಬ್ಬನ ಹತ್ಯೆಯ ಯೋಜನೆ ತಿಳಿದಿದ್ದೂ ಅದರ ಜೊತೆ ನಿಲ್ಲಬೇಕು. ವಿಧೇಯತೆ ಎಲ್ಲಿ ಉಳಿಯಿತು?

1942ರ ಕೊನೆಗೆ ಜೊತೆಗಾರರಿಗಾಗಿ ಬರೆದ ಬರಹವೊಂದರಲ್ಲಿ ಬಾನ್‌ಹೋಫರ್ ಇದನ್ನು ಚರ್ಚಿಸಿದ್ದಾನೆ. ಆ ಬರಹದ ಒಂದು ಪ್ರತಿಯನ್ನು ಹೆತ್ತವರ ಮನೆಯ ಛಾವಣಿಯ ತೊಲೆಗಳ ನಡುವೆ ಬಚ್ಚಿಡಲಾಗಿತ್ತು. ಕೆಡುಕು ಒಳ್ಳೆಯದರ ವೇಷದಲ್ಲಿ ಬಂದಾಗ ಯಾರು ಗಟ್ಟಿಯಾಗಿ ನಿಲ್ಲಬಲ್ಲರು ಎಂದು ಆತ ಕೇಳುತ್ತಾನೆ. ಕರ್ತವ್ಯವನ್ನಷ್ಟೇ ನೆಚ್ಚಿದವನು ಮೇಲಿನವರ ಆದೇಶ ಪಾಲಿಸುತ್ತ ಹೋಗಿ ಕೊನೆಗೆ ಸೈತಾನನಿಗೂ ಕರ್ತವ್ಯ ಸಲ್ಲಿಸುತ್ತಾನೆ. ತನ್ನ ಕೈ ಶುಚಿಯಾಗಿದ್ದರೆ ಸಾಕೆನ್ನುವವನು ಸುತ್ತಲ ಅನ್ಯಾಯಕ್ಕೆ ಕಣ್ಣು ಮುಚ್ಚಬೇಕಾಗುತ್ತದೆ. ದೇವರ ಕರೆಗೆ ಓಗೊಟ್ಟು, ಹೊಣೆ ಹೊತ್ತು, ಅಗತ್ಯವಾದರೆ ಇವೆಲ್ಲವನ್ನೂ ಬಿಟ್ಟುಕೊಡಬಲ್ಲವನು ಮಾತ್ರ ನಿಲ್ಲುತ್ತಾನೆ.

ಜೈಲಿನಲ್ಲಿ ಬರೆದ ಇನ್ನೊಂದು ಪ್ರಬಂಧದಲ್ಲಿ ಆತ ಶಾಲೆಯ ಉದಾಹರಣೆ ಕೊಡುತ್ತಾನೆ. ನಿನ್ನಪ್ಪ ಕುಡಿದು ಮನೆಗೆ ಬರುವುದು ನಿಜವೇ ಎಂದು ಮೇಷ್ಟರು ಇಡೀ ತರಗತಿಯ ಮುಂದೆ ಒಂದು ಮಗುವನ್ನು ಕೇಳುತ್ತಾರೆ. ಅದು ನಿಜ. ಆದರೂ ಮಗು ಇಲ್ಲ ಎನ್ನುತ್ತದೆ. ಆಡಿದ ಮಾತು ಸುಳ್ಳು, ಸಂದೇಹವಿಲ್ಲ. ಆದರೆ ಮೇಷ್ಟರಿಗೆ ಆ ಪ್ರಶ್ನೆ ಕೇಳುವ ಅಧಿಕಾರವೇ ಇರಲಿಲ್ಲ. ಮನೆಯ ಮಾನ ಕಾಯಬೇಕೆಂದು ಮಗುವಿಗೆ ಗೊತ್ತಿತ್ತು, ಹೇಗೆ ಕಾಯಬೇಕೆಂದು ಗೊತ್ತಿರಲಿಲ್ಲ. ತಪ್ಪಿನ ಹೊಣೆ ಮೇಷ್ಟರದೇ ಎನ್ನುತ್ತಾನೆ ಬಾನ್‌ಹೋಫರ್. ಸತ್ಯ ಹೇಳುವುದೆಂದರೆ ಕೇಳಿದವರಿಗೆಲ್ಲ ಎಲ್ಲವನ್ನೂ ಒದರುವುದಲ್ಲ, ಯಾರಿಗೆ, ಎಲ್ಲಿ, ಯಾವ ಸಂಬಂಧದಲ್ಲಿ ಹೇಳುತ್ತಿದ್ದೇವೆಂದು ಅರಿತು ಹೇಳುವುದು. ಇದನ್ನು ಬರೆಯುವಾಗ ಆತ ಜೊತೆಗಾರರ ಹೆಸರು ಬಿಟ್ಟುಕೊಡದೆ ವಿಚಾರಣೆ ಎದುರಿಸುತ್ತಿದ್ದ ಎಂಬುದನ್ನು ನೆನೆಯಬೇಕು.

ಹಾಗೆಂದು ಆಜ್ಞೆ ತನಗೆ ಅನ್ವಯಿಸುವುದಿಲ್ಲ ಎಂದು ಆತ ಎಂದೂ ಹೇಳಲಿಲ್ಲ. ಕೊಲೆ ಕೊಲೆಯೇ. ಇತರರನ್ನು ಉಳಿಸಲು ಅಂಥ ಕೆಲಸಕ್ಕೆ ಇಳಿದವನು ಅಪರಾಧವನ್ನು ತನ್ನ ತಲೆಯ ಮೇಲೆ ಹೊತ್ತು ದೇವರ ಕ್ಷಮೆಗೆ ಕಾಯಬೇಕೇ ಹೊರತು ತಾನು ಸರಿಯೆಂದು ಬೀಗಬಾರದು ಎಂಬುದು ಆತನ ನಿಲುವು. ಕೃಪೆ ದುಬಾರಿ ಎಂದವನು ಅದರ ಬೆಲೆಯನ್ನು ಇಲ್ಲಿ ಕಂಡ. ಈ ವಿಷಯದಲ್ಲಿ ಕ್ರೈಸ್ತರಲ್ಲಿ ಇಂದಿಗೂ ಒಮ್ಮತವಿಲ್ಲ. ಆತ ತಾನೇ ಬೋಧಿಸಿದ ಬೆಟ್ಟದ ಪ್ರಸಂಗವನ್ನು ಕೈಬಿಟ್ಟ ಎನ್ನುವ ಶಾಂತಿವಾದಿಗಳಿದ್ದಾರೆ. ನೆರೆಯವನ ಮೇಲಿನ ಪ್ರೀತಿಗೆ ಆ ಸಮಯದಲ್ಲಿ ಬೇರೆ ದಾರಿ ಇರಲಿಲ್ಲ ಎನ್ನುವವರೂ ಇದ್ದಾರೆ.

ಸೆರೆಮನೆಯಿಂದ ಬಂದ ಪತ್ರ

1943ರ ಏಪ್ರಿಲ್ 5ರಂದು ಹೆತ್ತವರ ಮನೆಯಲ್ಲೇ ಬಾನ್‌ಹೋಫರನ ಬಂಧನವಾಯಿತು. ಮರಿಯಾ ಫಾನ್ ವೇಡೆಮಾಯರ್ ಎಂಬ ತರುಣಿಯೊಡನೆ ಮದುವೆ ನಿಶ್ಚಯವಾಗಿ ಮೂರು ತಿಂಗಳೂ ಕಳೆದಿರಲಿಲ್ಲ. ಟೇಗಲ್ ಸೆರೆಮನೆಯಿಂದ ಹೆತ್ತವರಿಗೆ, ಗೆಳೆಯ ಎಬರ್‌ಹಾರ್ಡ್ ಬೆಟ್ಗೆಗೆ ಬರೆದ ಪತ್ರಗಳು ಮುಂದೆ ಪುಸ್ತಕವಾಗಿ ಜಗತ್ತಿನ ನಾನಾ ಭಾಷೆಗಳಿಗೆ ಹೋದವು.

1944ರ ಜುಲೈ 20ರಂದು ಹಿಟ್ಲರನ ಕೋಣೆಯಲ್ಲಿ ಬಾಂಬು ಸಿಡಿಯಿತು. ಹಿಟ್ಲರ್ ಬದುಕುಳಿದ. ಸಂಚು ವಿಫಲವಾಯಿತೆಂದು ತಿಳಿದ ಮರುದಿನ ಬಾನ್‌ಹೋಫರ್ ಬೆಟ್ಗೆಗೆ ಬರೆದ ಪತ್ರದಲ್ಲಿ ಭಯದ ಮಾತಿಲ್ಲ. ಅಮೆರಿಕದಲ್ಲಿ ಫ್ರೆಂಚ್ ಗೆಳೆಯನೊಡನೆ ಆಡಿದ ಹಳೆಯ ಮಾತೊಂದನ್ನು ನೆನೆಯುತ್ತಾನೆ. ಬದುಕಿನಲ್ಲಿ ಏನಾಗಬೇಕೆಂದು ಮಾತು ಬಂದಾಗ ಗೆಳೆಯ ಸಂತನಾಗಬೇಕೆಂದಿದ್ದ. ತಾನು ನಂಬಲು ಕಲಿಯಬೇಕೆಂದಿದ್ದೆ. ಪವಿತ್ರ ಬದುಕು ಬದುಕಿದರೆ ನಂಬಿಕೆ ಬಂದೀತೆಂದು ಎಣಿಸಿ ಆ ದಾರಿಯ ಕೊನೆಯಲ್ಲಿ ‘ನಾಖ್‌ಫೋಲ್ಗೆ’ ಬರೆದೆ. ಅದರ ಅಪಾಯಗಳು ಈಗ ಕಾಣುತ್ತವೆ, ಆದರೂ ಬರೆದದ್ದಕ್ಕೆ ಬದ್ಧ. ತನ್ನನ್ನು ಸಂತನಾಗಿಯೋ ಮತ್ತೇನಾಗಿಯೋ ರೂಪಿಸಿಕೊಳ್ಳುವ ಹಂಬಲ ಬಿಟ್ಟು, ಈ ಲೋಕದ ಕೆಲಸ, ಕಷ್ಟ, ಸೋಲುಗಳ ನಡುವೆ ಬದುಕಿದಾಗಲೇ ಮನುಷ್ಯ ನಂಬಲು ಕಲಿಯುತ್ತಾನೆ ಎಂಬುದು ಪತ್ರದ ಸಾರ.

ಆ ಶರತ್ಕಾಲದಲ್ಲಿ ಕಾವಲುಗಾರನೊಬ್ಬನ ನೆರವಿನಿಂದ ತಪ್ಪಿಸಿಕೊಳ್ಳುವ ಏರ್ಪಾಡಾಗಿತ್ತು. ಅಷ್ಟರಲ್ಲಿ ಅಣ್ಣ ಕ್ಲೌಸ್ ಬಂಧನಕ್ಕೊಳಗಾದ. ತಾನು ಓಡಿಹೋದರೆ ಮನೆಯವರಿಗೆ ತೊಂದರೆಯಾದೀತೆಂದು ಡೀಟ್ರಿಖ್ ಆ ಯೋಚನೆಯನ್ನೇ ಕೈಬಿಟ್ಟ. 1945ರ ಏಪ್ರಿಲ್ 9ರ ನಸುಕಿನಲ್ಲಿ ಫ್ಲೋಸನ್‌ಬ್ಯುರ್ಗ್ ಶಿಬಿರದಲ್ಲಿ ಆತನನ್ನು ಗಲ್ಲಿಗೇರಿಸಿದರು. ವಯಸ್ಸು 39. ಎರಡೇ ವಾರಗಳಲ್ಲಿ, ಏಪ್ರಿಲ್ 23ರಂದು, ಅಮೆರಿಕದ ಸೇನೆ ಆ ಶಿಬಿರವನ್ನು ತಲುಪಿತು. ಅದೇ ತಿಂಗಳು ಕ್ಲೌಸ್, ಅಳಿಯಂದಿರಾದ ಡೊನಾನಿ ಮತ್ತು ರ‍್ಯೂಡಿಗರ್ ಶ್ಲೈಖರ್ ಕೂಡ ಕೊಲ್ಲಲ್ಪಟ್ಟರು. ವಾಲ್ಟರನನ್ನು ಮೊದಲೇ ಕಳೆದುಕೊಂಡಿದ್ದ ಮನೆಗೆ ಈ ಯುದ್ಧದಲ್ಲಿ ಇನ್ನಿಬ್ಬರು ಗಂಡುಮಕ್ಕಳು, ಇಬ್ಬರು ಅಳಿಯಂದಿರು ಇಲ್ಲವಾದರು.

ನಂಬಿಕೆಯಿಂದಲೋ ಕ್ರಿಯೆಯಿಂದಲೋ ಎಂಬ ಹಳೆಯ ವಾದಕ್ಕೆ ಚರ್ಚುಗಳು ಬಹುಕಾಲದ ನಂತರ ಒಂದು ಒಪ್ಪಂದ ಕಂಡುಕೊಂಡವು. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ಜಾಗತಿಕ ಒಕ್ಕೂಟ ಮತ್ತು ರೋಮನ್ ಕ್ಯಾಥೊಲಿಕ್ ಚರ್ಚು ಜಂಟಿ ಘೋಷಣೆಗೆ ಸಹಿ ಹಾಕಿದವು. ದೇವರು ಮನುಷ್ಯನನ್ನು ಸ್ವೀಕರಿಸುವುದು ಕೃಪೆಯಿಂದ, ಆತನ ಯೋಗ್ಯತೆ ನೋಡಿ ಅಲ್ಲ. ಒಳ್ಳೆಯ ಕ್ರಿಯೆಗಳು ಆ ನಂಬಿಕೆಯಿಂದ ಹುಟ್ಟುವ ಫಲಗಳು ಎಂಬುದು ಅದರ ಮುಖ್ಯಾಂಶ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಚರ್ಚುಗಳು ಅದಕ್ಕೆ ದನಿಗೂಡಿಸಿದವು.

ಕಾಗದದ ಮೇಲಿನ ಒಪ್ಪಂದ ಚರ್ಚುಗಳ ಮಟ್ಟದ್ದು. ಪ್ರತಿಯೊಬ್ಬ ನಂಬುವವನ ಮುಂದೆ ಪ್ರಶ್ನೆ ಹಾಗೆಯೇ ಇರುತ್ತದೆ. ಬಾಯಲ್ಲಿ ಹೇಳುವ ನಂಬಿಕೆ ನಡೆಯಲ್ಲಿ ಎಷ್ಟು ಕಾಣುತ್ತದೆ, ನಡೆಯುವಾಗ ಯಾರ ಆಜ್ಞೆಗೆ ತಲೆಬಾಗುತ್ತಿದ್ದೇವೆ ಎಂದು ತನ್ನನ್ನೇ ಕೇಳಿಕೊಳ್ಳುವ ಪ್ರಶ್ನೆ ಅದು. ಇದನ್ನು ಮಕ್ಕಳಿಗೆ ಹೇಳಿಕೊಡುವುದು ಸುಲಭ. ಮಕ್ಕಳು ಅದನ್ನು ನಿಜವೆಂದೇ ತೆಗೆದುಕೊಂಡಾಗ ಅದರ ಭಾರವನ್ನು ಹೆತ್ತವರೂ ಹೊರಬೇಕಾಗುತ್ತದೆ.

1945ರ ಜುಲೈ 27ರಂದು ಲಂಡನ್ನಿನ ಚರ್ಚೊಂದರಲ್ಲಿ ಬಾನ್‌ಹೋಫರನ ಸ್ಮರಣೆಯ ಪ್ರಾರ್ಥನೆ ನಡೆಯಿತು. ಶತ್ರುದೇಶದ ಪಾದ್ರಿಯೊಬ್ಬನಿಗಾಗಿ, ಯುದ್ಧ ಮುಗಿದು ಮೂರು ತಿಂಗಳೂ ಆಗುವ ಮುನ್ನ. ಬಿಬಿಸಿ ಅದನ್ನು ಪ್ರಸಾರ ಮಾಡಿತು. ಹನ್ನೆರಡು ವರ್ಷಗಳ ಹಿಂದೆ ಮಗನ ಮಾತು ಅರ್ಧಕ್ಕೇ ನಿಂತುಹೋದ ಅದೇ ಬರ್ಲಿನ್ನಿನಲ್ಲಿ, ವೃದ್ಧ ಕಾರ್ಲ್ ಮತ್ತು ಪೌಲ ರೇಡಿಯೋದ ಮುಂದೆ ಕುಳಿತು ಆ ಪ್ರಾರ್ಥನೆಯನ್ನು ಕೇಳಿದರು.